ಎಳೆಯದಾಗಿ ಕೀಳುವುದೋ, ಬಲಿಯಲು ಬಿಡುವುದೋ? ಕೋಲಾರ, ಚಿಕ್ಕಬಳ್ಳಾಪುರದ ಆಲೂಗಡ್ಡೆಗೆ ಒಂದು ಹೋಲಿಕೆ

ನಾಟಿಯಾಗಿ 65 ದಿನಕ್ಕೆ ಕಿತ್ತ ಆಲೂಗಡ್ಡೆ, ನೂರು ದಿನ ಬಿಟ್ಟು ಕಿತ್ತ ಆಲೂಗಡ್ಡೆ ಎರಡೂ ಒಂದೇ ಗಿಡದವು, ಆದರೆ ಸರಕು ಬೇರೆ ಬೇರೆ. ಮೊದಲನೆಯದು ಬೀನ್ಸ್, ಬೆಂಡೆಕಾಯಿಯ ಹಾಗೆ ತಾಜಾ ಇರುವಾಗಲೇ ಮಾರಬೇಕಾದ ತರಕಾರಿ. ಕಿತ್ತ ಎರಡು ಮೂರು ದಿನದೊಳಗೆ ಯಾರದಾದರೂ ಒಲೆಯ ಮೇಲೆ ಇರಬೇಕು. ಎರಡನೆಯದು ಮೂಟೆ ಕಟ್ಟಿ, ರಾಶಿ ಹಾಕಿ, ದರ ನೋಡಿಕೊಂಡು ಮಾರುವ ದಾಸ್ತಾನು. ನಮ್ಮ ಕಡೆ ನಷ್ಟವಾಗುವುದು ಹೆಚ್ಚಾಗಿ ಇವೆರಡನ್ನೂ ಒಂದೇ ಎಂದುಕೊಂಡಾಗ. ಬಲಿಯುವ ಬೆಳೆಗೆ ಬೇಕಾದ ಹಾಗೆ ಬಿತ್ತನೆ, ಗೊಬ್ಬರ ಎಲ್ಲ ಕೊಟ್ಟಿರುತ್ತಾರೆ. ನಡುವೆ ದರ ಏರಿತೆಂದು ಹಸಿ ಗಡ್ಡೆಯನ್ನೇ ಅಗೆದು ಗೋಣಿಗೆ ತುಂಬಿ ಮಂಡಿಗೆ ಒಯ್ಯುತ್ತಾರೆ. ಅಲ್ಲಿ ಚೀಲ ಬಿಚ್ಚುವಷ್ಟರಲ್ಲಿ ಸಿಪ್ಪೆ ಸುಲಿದು, ಸುಲಿದ ಜಾಗ ಕಂದು ತಿರುಗಿ, ಹರಾಜಿನಲ್ಲಿ ಬಲಿತ ಗಡ್ಡೆಗಿಂತ ಕಡಿಮೆಗೆ ಹೋಗುತ್ತದೆ.

ಆದ್ದರಿಂದ ಎಳೆಯದೋ ಬಲಿತದ್ದೋ ಎಂಬುದನ್ನು ಬಿತ್ತನೆ ಗಡ್ಡೆ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಿ. ತಳಿ, ಸಾಲಿನ ಅಂತರ, ಯೂರಿಯಾ, ಕೊನೆಯ ಔಷಧಿ, ಕೊಳ್ಳುವವರು, ಇವೆಲ್ಲ ಆ ಒಂದು ತೀರ್ಮಾನದ ಮೇಲೆ ನಿಂತಿವೆ.

ಗಡ್ಡೆಯ ಒಳಗೆ ಏನು ಬದಲಾಗುತ್ತದೆ

ನೆಟ್ಟ 10–15 ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. 30–35ನೇ ದಿನದ ಹೊತ್ತಿಗೆ ನೆಲದೊಳಗಿನ ಬಿಳಿ ಕುಡಿಗಳ ತುದಿ ಊದಿಕೊಂಡು ಗಡ್ಡೆ ಕಟ್ಟಲು ಶುರು. ಅಲ್ಲಿಂದ ಮುಂದೆ ಎಲೆ ಹಸಿರಾಗಿರುವಷ್ಟು ದಿನ ಗಡ್ಡೆಗೆ ಪಿಷ್ಟ ಇಳಿಯುತ್ತಲೇ ಇರುತ್ತದೆ. 60–70 ದಿನದ ಗಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಸಿಪ್ಪೆ ಒಳಗಿನ ತಿರುಳಿಗೆ ಇನ್ನೂ ಗಟ್ಟಿಯಾಗಿ ಅಂಟಿರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಈರುಳ್ಳಿಯ ಪೊರೆಯಂತೆ ಜಾರಿಬರುತ್ತದೆ. ಎಳೆಯದು ಎಂದು ಗುರುತಿಸಲು ಇದಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆ ಇಲ್ಲ. ಗಾತ್ರ ನೋಡಿ ಮೋಸಹೋಗಬೇಡಿ. ಬಲಿತ ಗಿಡದಲ್ಲೂ ಗೋಲಿಯಷ್ಟೇ ಗಡ್ಡೆಗಳು ಉಳಿದಿರುತ್ತವೆ, ಅವು ಚಿಕ್ಕವೇ ಹೊರತು ಎಳೆಯವಲ್ಲ.

ಸಿಪ್ಪೆ ತೆಳುವಾಗಿರುವುದೇ ತಿನ್ನುವವರಿಗೆ ಸುಖ, ಮಾರುವವರಿಗೆ ಕಷ್ಟ. ಆ ಸಿಪ್ಪೆಯೊಳಗಿನಿಂದ ನೀರು ಬೇಗ ಆರಿ ಗಡ್ಡೆ ಮೆತ್ತಗಾಗುತ್ತದೆ, ಉಜ್ಜಿದ ಕಡೆ ಕೊಳೆ ಸೇರುತ್ತದೆ.

ಯಾವಾಗ ನೆಡುವುದು

ಗಡ್ಡೆ ಕಟ್ಟಲು ರಾತ್ರಿ ತಂಪಿರಬೇಕು. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿಯೊಳಗಿದ್ದರೆ ಚೆನ್ನ. ಅದಕ್ಕಿಂತ ಏರಿದಷ್ಟೂ ಗಿಡ ಸೊಪ್ಪು ಬೆಳೆಸುತ್ತದೆ, ಗಡ್ಡೆ ಕಟ್ಟುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 800–900 ಮೀಟರ್ ಎತ್ತರದಲ್ಲಿರುವ ನಮ್ಮ ಬಯಲಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಹಿಂಗಾರು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಜೂನ್–ಜುಲೈ ನಾಟಿಯೂ ಉಂಟು. ಆದರೆ ಆ ಬೆಳೆ ಕೈಗೆ ಬರುವ ಹೊತ್ತಿಗೆ ಹಾಸನದ ಮುಂಗಾರು ಬೆಳೆಯೂ ಮಾರುಕಟ್ಟೆಯಲ್ಲಿರುತ್ತದೆ. ಜನವರಿ ಕಳೆದ ಮೇಲೆ ನೆಡುವುದನ್ನು ಬಿಟ್ಟೇಬಿಡಿ. ಏಪ್ರಿಲ್ ಸೆಕೆಗೆ ಗಡ್ಡೆ ಸಿಗುವುದು ಕಡಿಮೆ, ಸಿಕ್ಕಿದ್ದರಲ್ಲೂ ಗಡ್ಡೆ ಕೊರೆಯುವ ಪತಂಗದ ಹುಳು.

ಹಿಂಗಾರಿನೊಳಗೇ ಎರಡು ದಾರಿ ಇವೆ. ಅಕ್ಟೋಬರ್ ಎರಡನೇ ವಾರದಿಂದ ಪಾಲು ಪಾಲಾಗಿ ನೆಟ್ಟರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಎಳೆ ಗಡ್ಡೆ ಸಿಗುತ್ತದೆ. ಆಗ ಪೇಟೆಯಲ್ಲಿ ಇರುವುದರಲ್ಲಿ ಹೆಚ್ಚಿನದು ಆಗ್ರಾ ಕಡೆಯ ಶೀತಲಗೃಹದಲ್ಲಿ ಎಂಟೊಂಬತ್ತು ತಿಂಗಳು ಕೂತು ಸಿಹಿಯಾದ ಹಳೆ ಗಡ್ಡೆ, ಜೊತೆಗೆ ಪಂಜಾಬಿನಿಂದ ಬರತೊಡಗುವ ಹೊಸದು. ಊರಿನ ತಾಜಾ ಗಡ್ಡೆಗೆ ಬೇಡಿಕೆ ಇರುವುದೇ ಆ ನಾಲ್ಕೈದು ವಾರ. ಇದರ ಬೆಲೆಯೆಂದರೆ ಎಲೆ ಸುಡುವ ಅಂಗಮಾರಿ ರೋಗದ ಭಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಮೂರು ದಿನ ಜಡಿ ಹಿಡಿದರೆ ಸಾಕು, ನವೆಂಬರ್‌ನ ಸೊಂಪಾದ ಹೊಲ ಒಂದು ವಾರದಲ್ಲಿ ಸುಟ್ಟಂತಾಗುತ್ತದೆ.

ನವೆಂಬರ್ ಕೊನೆಯಲ್ಲಿ ನೆಟ್ಟರೆ ಮಳೆ ಹಿಂದೆ ಬಿದ್ದಿರುತ್ತದೆ, ರೋಗ ಕಡಿಮೆ, ಗಡ್ಡೆಯ ತೂಕವೂ ಚೆನ್ನ. ಆದರೆ ಕೀಳುವ ಹೊತ್ತಿಗೆ ಉತ್ತರ ಪ್ರದೇಶದ ಮುಖ್ಯ ಬೆಳೆ ಲಾರಿ ಲಾರಿಯಾಗಿ ಇಳಿಯುತ್ತದೆ. ಆಗ ಎಳೆಯದು, ತಾಜಾ ಎಂದು ಹೆಚ್ಚಿನ ದರ ಕೇಳುವುದು ಕಷ್ಟ. ನಮ್ಮ ಸಲಹೆ: ಎಳೆಯದನ್ನು ಮಾರುವವರು ಅಕ್ಟೋಬರ್ ನಾಟಿಗೆ ಹೋಗಿ, ಬಲಿಸುವವರು ನವೆಂಬರ್ ಮಧ್ಯಕ್ಕೆ ಕಾಯಿರಿ. ಇಡೀ ಹೊಲವನ್ನು ಒಂದೇ ದಿನ ನೆಡದೆ ನಾಲ್ಕು ಪಾಲು ಮಾಡಿ 8–10 ದಿನದ ಅಂತರದಲ್ಲಿ ನೆಡುವುದು ಎಳೆಯದನ್ನು ಮಾರುವವರಿಗೆ ಕಡ್ಡಾಯ ಎಂದೇ ತಿಳಿಯಿರಿ.

ತಳಿ

ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಮುಂದೆ ಕುಫ್ರಿ ಎಂದಿರುತ್ತದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಇವತ್ತಿಗೂ ನಮ್ಮ ರೈತರ ಬಾಯಲ್ಲಿರುವ ತಳಿ. ಬಿಳಿ ಸಿಪ್ಪೆ, ಬಿಳಿ ತಿರುಳು, ಮೇಲ್ಮಟ್ಟದ ಕಣ್ಣು, 90–100 ದಿನ. ಬಿಡುಗಡೆಯ ಕಾಲದಲ್ಲಿ ಅಂಗಮಾರಿ ತಡೆಯುತ್ತಿತ್ತು, ಆ ಶಕ್ತಿ ಈಗ ಉಳಿದಿಲ್ಲ. ಬಲಿಸಿ ಮಂಡಿಗೆ ಹಾಕುವವರಿಗೆ ಇದು ಸರಿ, ಏಕೆಂದರೆ ಕೊಳ್ಳುವವರಿಗೆ ಇದರ ಮುಖ ಪರಿಚಯ.

ಎಳೆಯದಾಗಿ ಕೀಳಲು ಜ್ಯೋತಿ ಸ್ವಲ್ಪ ನಿಧಾನ. 1998ರ ಕುಫ್ರಿ ಪುಖ್‌ರಾಜ್ ಬೇಗ ಗಾತ್ರ ಕಟ್ಟುತ್ತದೆ, 60–65 ದಿನಕ್ಕೇ ಮಾರುವಷ್ಟು ಗಡ್ಡೆ ಕಾಣುತ್ತದೆ. ಆದರೆ ಸಿಪ್ಪೆಯೂ ತಿರುಳೂ ಹಳದಿ ಛಾಯೆಯವು, ಪಿಷ್ಟ ಕಡಿಮೆ, ಇಟ್ಟರೆ ಬಾಳಿಕೆ ಬರುವುದಿಲ್ಲ. ಎಳೆಯದಾಗಿ ಕಿತ್ತು ಎರಡು ದಿನದಲ್ಲಿ ಮಾರುವವನಿಗೆ ಈ ಕೊನೆಯ ದೋಷ ದೋಷವೇ ಅಲ್ಲ. ನೂರು ದಿನ ಬಿಟ್ಟು ದಾಸ್ತಾನು ಮಾಡುವವನಿಗೆ ಅದೇ ಕೊರಳಿಗೆ ಉರುಳು. ಕುಫ್ರಿ ಚಂದ್ರಮುಖಿಯೂ 80–90 ದಿನದ ಬೇಗದ ತಳಿ, ರುಚಿಯಲ್ಲಿ ಪುಖ್‌ರಾಜ್‌ಗಿಂತ ಮೇಲು. ಆದರೆ ಅಂಗಮಾರಿಗೆ ತಲೆಬಾಗಿ ನಿಲ್ಲುತ್ತದೆ, ಅಕ್ಟೋಬರ್ ನಾಟಿಗೆ ಬೇಡ. 2006ರ ಕುಫ್ರಿ ಹಿಮಾಲಿನಿ ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಇಳುವರಿ ಒಳ್ಳೆಯದು, ಆದರೆ ದಿನ ಹೆಚ್ಚು ಬೇಕು. ಬಲಿಸುವವರು ಬಿತ್ತನೆ ಸಿಕ್ಕರೆ ಜ್ಯೋತಿಯ ಬದಲು ಇದನ್ನು ಹಾಕಬಹುದು.

ಬಿತ್ತನೆ: ಇಡಿ ಗಡ್ಡೆಯೋ, ಹೋಳೋ

60 ಸೆಂ.ಮೀ. ಸಾಲು, ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಎಂದರೆ ಎಕರೆಗೆ ಸುಮಾರು 33,700 ಗುಣಿ. 40 ಗ್ರಾಂ ತೂಗುವ ಇಡಿ ಗಡ್ಡೆ ಇಟ್ಟರೆ 13 ಕ್ವಿಂಟಾಲಿಗಿಂತ ಹೆಚ್ಚು ಬೇಕು. 22–25 ಗ್ರಾಂ ಹೋಳು ಮಾಡಿದರೆ 7.5ರಿಂದ 8.5 ಕ್ವಿಂಟಾಲಿನಲ್ಲಿ ಮುಗಿಯುತ್ತದೆ. ಖರ್ಚಿನಲ್ಲಿ ಬಿತ್ತನೆಯದೇ ಸಿಂಹಪಾಲು, ಅದಕ್ಕೇ ಎಲ್ಲರೂ ಕತ್ತರಿಸುತ್ತಾರೆ.

ನೆಲ ಹಸಿಯಿರುವ ಅಕ್ಟೋಬರ್‌ನಲ್ಲಿ ಹೋಳು ಕೊಳೆಯುವ ಅಪಾಯ ಹೆಚ್ಚು. ಹತ್ತರಲ್ಲಿ ಎರಡು ಗುಣಿ ಖಾಲಿಬಿದ್ದರೆ ಬಿತ್ತನೆಯಲ್ಲಿ ಉಳಿಸಿದ್ದು ಅಲ್ಲಿಗೇ ಹೋಯಿತು. ಇಡಿ ಗಡ್ಡೆಗೆ ಇನ್ನೊಂದು ಗುಣವೂ ಇದೆ: ಒಂದೊಂದರಿಂದ ನಾಲ್ಕೈದು ಕಾಂಡ ಏಳುತ್ತದೆ. ಕಾಂಡ ಹೆಚ್ಚಾದರೆ ಗಡ್ಡೆಯ ಸಂಖ್ಯೆ ಹೆಚ್ಚು, ಗಾತ್ರ ಚಿಕ್ಕದು. ಎಳೆ ಗಡ್ಡೆ ಕೊಳ್ಳುವವರು ಕೇಳುವುದೂ ನಿಂಬೆಹಣ್ಣಿನಿಂದ ಕೋಳಿಮೊಟ್ಟೆಯವರೆಗಿನ ಗಾತ್ರವನ್ನೇ. ಹಾಗಾಗಿ ಎಳೆಯದಕ್ಕೆ 30–40 ಗ್ರಾಂನ ಇಡಿ ಗಡ್ಡೆ, ಅಂತರ ಬೇಕಾದರೆ 15 ಸೆಂ.ಮೀ.ಗೆ ಇಳಿಸಿ. ಬಲಿಸುವವರು ನವೆಂಬರ್‌ನಲ್ಲಿ ಹೋಳನ್ನೇ ನೆಡಬಹುದು.

ಹೋಳು ಮಾಡುವಾಗ ಎರಡು ಕಣ್ಣಿಗಿಂತ ಕಡಿಮೆ ಬೇಡ. ಕೊಳೆತ ಗಡ್ಡೆ ಕೊಯ್ದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸದೆ ಮುಂದಿನದಕ್ಕೆ ಹಚ್ಚಬೇಡಿ. ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಹರಡಿ, ಕೊಯ್ದ ಮುಖ ಒಣಗಿ ಪದರ ಕಟ್ಟಲು ಒಂದು ಎರಡು ದಿನ ಬಿಡಿ. ಕೊಯ್ದ ತಕ್ಷಣ ನೆಡುವುದು, ಕೊಯ್ದದ್ದನ್ನು ಗೋಣಿಯಲ್ಲಿ ಕಟ್ಟಿ ಬಿಸಿಯಾಗಲು ಬಿಡುವುದು, ಇವೆರಡೂ ಕೊಳೆಗೆ ಬಾಗಿಲು ತೆರೆದಂತೆ.

ಜಲಂಧರ್ ಕಡೆಯಿಂದ ಬರುವ ಬಿತ್ತನೆ ಶೀತಲಗೃಹದಿಂದ ಹೊರಬಿದ್ದದ್ದು. ಇಳಿಸಿದ ದಿನವೇ ಚೀಲ ಬಿಚ್ಚಿ, ಗಾಳಿಯಾಡುವ ನೆರಳಲ್ಲಿ ಎರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಹರಡಿ 10–15 ದಿನ ಇಡಿ. ಮಂದ ಬೆಳಕಿನಲ್ಲಿ ಮೊಳಕೆ ಗಿಡ್ಡವಾಗಿ, ದಪ್ಪವಾಗಿ, ಹಸಿರು ಛಾಯೆಯಲ್ಲಿ ಬರಬೇಕು. ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ನಾಟಿಯಲ್ಲಿ ಮುರಿಯುತ್ತದೆ. ಅರ್ಧ ಸೆಂಟಿಮೀಟರಿನಷ್ಟು ಗಟ್ಟಿ ಮೊಳಕೆ ಇಟ್ಟುಕೊಂಡು ನೆಟ್ಟ ಗಡ್ಡೆ ವಾರ ಮುಂಚೆಯೇ ಹುಟ್ಟುತ್ತದೆ. ಎಳೆಯದನ್ನು ಮಾರುವವನಿಗೆ ಆ ಒಂದು ವಾರವೇ ದುಡ್ಡು.

ಈಗ ನರ್ಸರಿಗಳಲ್ಲಿ ಕುಡಿಯಿಂದ ಬೇರು ಬರಿಸಿದ ಆಲೂಗಡ್ಡೆ ಸಸಿಯೂ ಸಿಗುತ್ತದೆ. ಅದು ರೋಗವಿಲ್ಲದ ಬಿತ್ತನೆ ಗಡ್ಡೆಯನ್ನು ನಮ್ಮ ಹೊಲದಲ್ಲೇ ಮಾಡಿಕೊಳ್ಳಲು ಒಳ್ಳೆಯದು. ಎಳೆ ಗಡ್ಡೆಯ ಮಾರಾಟಕ್ಕೆ ಅದರಿಂದ ನೇರ ಲಾಭವಿಲ್ಲ.

ಟೊಮ್ಯಾಟೊ ತೆಗೆದ ಹೊಲ

ಕೋಲಾರದಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಡ್ರಿಪ್ ಹಾಸಿದೆ, ಗೊಬ್ಬರದ ಉಳಿಕೆ ಇದೆ, ಟೊಮ್ಯಾಟೊ ತೆಗೆದು ಆಲೂಗಡ್ಡೆ ಹಾಕಿದರೆ ಖರ್ಚು ಉಳಿಯಿತಲ್ಲ ಎನಿಸುತ್ತದೆ. ಎಳೆಯದಾಗಲಿ ಬಲಿತದ್ದಾಗಲಿ, ಹಾಕಬೇಡಿ. ಎರಡೂ ಒಂದೇ ಕುಟುಂಬದ ಗಿಡಗಳು. ಅಂಗಮಾರಿ ಎರಡಕ್ಕೂ ಬರುತ್ತದೆ, ಅದಕ್ಕಿಂತ ಕೆಟ್ಟದಾದ ದುಂಡಾಣು ಸೊರಗು ರೋಗ ಮಣ್ಣಲ್ಲೇ ಕಾದಿರುತ್ತದೆ. ಎಲೆ ಹಸಿರಾಗಿರುವಾಗಲೇ ಗಿಡ ಮಧ್ಯಾಹ್ನ ಬಾಡಿ, ಮೊದಮೊದಲು ಸಂಜೆಗೆ ಚೇತರಿಸಿಕೊಂಡು, ಕೊನೆಗೆ ಏಳುವುದೇ ಇಲ್ಲ. ಅನುಮಾನವಿದ್ದರೆ ಬಾಡಿದ ಕಾಂಡದ ಬುಡವನ್ನು ಕೊಯ್ದು ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ ನೋಡಿ. ಹಾಲಿನ ಎಳೆಯಂಥದ್ದು ಕೆಳಕ್ಕೆ ಇಳಿದರೆ ಅದೇ ರೋಗ. ಗಡ್ಡೆ ಅಡ್ಡ ಕೊಯ್ದು ಹಿಂಡಿದರೆ ಒಳಗಿನ ಉಂಗುರದಿಂದ ಲೋಳೆ ಬರುತ್ತದೆ. ಇದಕ್ಕೆ ಸಿಂಪಡಿಸುವ ಔಷಧಿ ಇಲ್ಲ. ರಾಗಿ, ಮುಸುಕಿನ ಜೋಳದಂಥ ಬೆಳೆ ಎರಡು ಮೂರು ವರ್ಷ ತೆಗೆಯಬೇಕು; ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಕೂಡ ಆ ನೆಲಕ್ಕೆ ಬರಬಾರದು. ರಾಗಿ ಕೊಯ್ದ ಹೊಲವೇ ಆಲೂಗಡ್ಡೆಗೆ ಹೇಳಿಮಾಡಿಸಿದ ಜಾಗ.

ಗೊಬ್ಬರ ಮತ್ತು ನೀರು

ಎಕರೆಗೆ 8–10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು, ಸಿಪ್ಪೆಯ ಮೇಲೆ ಕಜ್ಜಿ. ನೀರಾವರಿ ಬೆಳೆಗೆ ಎಕರೆಗೆ ಸುಮಾರು 50 ಕೆ.ಜಿ. ಸಾರಜನಕ, 40 ರಂಜಕ, 50 ಪೊಟ್ಯಾಷ್ ಎಂದು ಹಿಡಿದರೆ, ಅದು 87 ಕೆ.ಜಿ. ಡಿಎಪಿ, 75 ಕೆ.ಜಿ. ಯೂರಿಯಾ, 83 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಂತೆ ಏರಿಳಿಸಿ. ಡಿಎಪಿ, ಪೊಟ್ಯಾಷ್, ಅರ್ಧ ಯೂರಿಯಾ ನಾಟಿಯಲ್ಲೇ ಹೋಗಲಿ, ಬಿತ್ತನೆಗೆ ತಾಗದಂತೆ ಪಕ್ಕಕ್ಕೆ. ಉಳಿದ ಯೂರಿಯಾ ಮಣ್ಣು ಏರಿಸುವಾಗ, 25–30 ದಿನಕ್ಕೆ.

ಎಳೆಯದಾಗಿ ಕೀಳುವವರು ಎರಡನೇ ಕಂತನ್ನು 25ನೇ ದಿನದೊಳಗೆ ಮುಗಿಸಿ, ಅದರಲ್ಲೂ ಕೈ ಹಿಡಿದೇ ಹಾಕಿ. ತಡವಾಗಿ ಸುರಿದ ಯೂರಿಯಾ ಗಿಡವನ್ನು ಕಪ್ಪು ಹಸಿರಾಗಿ, ಮಂಡಿಯೆತ್ತರಕ್ಕೆ ಬೆಳೆಸುತ್ತದೆ. ನೋಡಲು ಚೆಂದ, ಕೆಳಗೆ ಅಗೆದರೆ ಗಡ್ಡೆ ಒಂದು ವಾರ ಹಿಂದೆ ಬಿದ್ದಿರುತ್ತದೆ.

ನೀರಿನ ಲೆಕ್ಕದಲ್ಲಿ ಎಳೆಯದಕ್ಕೇ ನಮ್ಮ ಓಟು. ದಿನಕ್ಕೆ 4 ಮಿ.ಮೀ. ನೀರು ಎಂದರೆ ಎಕರೆಗೆ 16,000 ಲೀಟರ್. ನಾಲ್ಕು ವಾರ ಮುಂಚೆ ಕಿತ್ತರೆ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ಕೊಳವೆಬಾವಿಯಲ್ಲೇ ಉಳಿಯಿತು. ಸಾವಿರ ಅಡಿ ಕೊರೆದು ಎರಡಿಂಚು ನೀರು ಕಂಡವರಿಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ. ಜೊತೆಗೆ ಜನವರಿಗೆ ಹೊಲ ಖಾಲಿಯಾಗಿ ಬೀನ್ಸ್ ಅಥವಾ ಯುಗಾದಿಯ ಚೆಂಡುಹೂವಿಗೆ ಜಾಗವಾಗುತ್ತದೆ.

30ರಿಂದ 50ನೇ ದಿನದವರೆಗೆ ನೀರು ತಪ್ಪಬಾರದು, ಗಡ್ಡೆಯ ಸಂಖ್ಯೆ ನಿಲ್ಲುವುದು ಆಗಲೇ. ಒಣಗಿಸಿ ಒಮ್ಮೆಲೇ ಹರಿಸಿದರೆ ಗಡ್ಡೆ ಸೀಳುತ್ತದೆ, ಗಂಟುಗಂಟಾಗಿ ಮರಿ ಹಾಕುತ್ತದೆ, ಒಳಗೆ ಪೊಳ್ಳು ಬೀಳುತ್ತದೆ. ಬಲಿತ ಬೆಳೆಗೆ ಕೀಳುವ 10–15 ದಿನ ಮೊದಲು ನೀರು ನಿಲ್ಲಿಸಿ, ಗಿಡ ಕೊಯ್ದುಹಾಕಿ, ಸಿಪ್ಪೆ ಗಟ್ಟಿಯಾಗಲು ಬಿಡಬೇಕು. ಎಳೆಯದಕ್ಕೆ ಹಾಗೆ ಮಾಡಿದರೆ ಕೆಂಪು ಮಣ್ಣು ಹೆಂಟೆಯಾಗಿ ತೆಳು ಸಿಪ್ಪೆಯನ್ನು ಕೆರೆಯುತ್ತದೆ. ಮೂರು ದಿನ ಮೊದಲು ನಿಲ್ಲಿಸಿದರೆ ಸಾಕು. ಮಣ್ಣು ಮುಷ್ಟಿ ಹಿಡಿದು ಬಿಟ್ಟಾಗ ಉದುರುವಂತಿರಬೇಕು.

ಔಷಧಿಯ ದಿನ ಎಣಿಸಿ

ಅಂಗಮಾರಿಗೆ ರೋಗ ಕಾಣುವ ಮೊದಲೇ, ಮೋಡ ಕಟ್ಟಿದ ದಿನವೇ, ಲೀಟರಿಗೆ 2–2.5 ಗ್ರಾಂ ಮ್ಯಾಂಕೋಜೆಬ್ ಎಲೆಯ ಅಡಿಗೂ ತಾಗುವಂತೆ ಹೊಡೆಯಬೇಕು. ಎಲೆ ಅಂಚಿನಲ್ಲಿ ನೀರು ನೆನೆದಂಥ ಚುಕ್ಕೆ, ಮುಂಜಾನೆ ಎಲೆಯಡಿ ಬಿಳಿ ಬೂಷ್ಟು ಕಂಡರೆ ಸೈಮೋಕ್ಸಾನಿಲ್ ಜೊತೆ ಮ್ಯಾಂಕೋಜೆಬ್ ಇರುವ ಮಿಶ್ರಣ ಲೀಟರಿಗೆ 3 ಗ್ರಾಂ. ಒಂದೇ ಔಷಧಿಯನ್ನು ಸಾಲಾಗಿ ಹೊಡೆಯದೆ ಬದಲಿಸುತ್ತಿರಿ.

ಇಲ್ಲೇ ಎಳೆಯದನ್ನು ಬೆಳೆಯುವವರು ಎಡವುವುದು. ನೂರು ದಿನದ ಬೆಳೆಗೆ 55ನೇ ದಿನ ಹೊಡೆದ ಔಷಧಿ ಕೀಳುವ ಹೊತ್ತಿಗೆ ಹಳೆಯ ಮಾತು. 65ಕ್ಕೆ ಕೀಳುವವರಿಗೆ ಅದು ಹತ್ತು ದಿನದ ಹಿಂದಿನದು, ಮತ್ತು ಈ ಗಡ್ಡೆಯನ್ನು ಜನ ಸಿಪ್ಪೆ ಸಮೇತ ತಿನ್ನುತ್ತಾರೆ. ಡಬ್ಬಿಯ ಮೇಲೆ ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ. ಕೀಳುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ ಹಿಂದಕ್ಕೆ ಎಣಿಸಿ, ಕೊನೆಯ ಸಿಂಪರಣೆಯನ್ನು ನಿಗದಿಮಾಡಿ. ಕಾಯಲಾಗದು ಎಂದಾದರೆ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಕೀಳುವುದನ್ನು ಮುಂದೂಡಿ.

60ನೇ ದಿನಕ್ಕೆ ರೋಗ ಹೊಲವನ್ನು ಆವರಿಸಿತು ಎನ್ನಿ. ಗಾಬರಿಯಲ್ಲಿ ಮರುದಿನವೇ ಅಗೆಯಬೇಡಿ. ಎಲೆಯ ಮೇಲಿನ ಬೂಷ್ಟು ಗಡ್ಡೆಯ ಮೇಲೆ ಉದುರಿ ಬುಟ್ಟಿಯಲ್ಲೇ ಕೊಳೆಯುತ್ತದೆ. ಗಿಡವನ್ನು ಬುಡಕ್ಕೆ ಕೊಯ್ದು ಹೊಲದಿಂದ ಹೊರಗೆ ಹಾಕಿ, ಹತ್ತು ದಿನ ಬಿಟ್ಟು ಕೀಳಿ. ಅಷ್ಟರಲ್ಲಿ ಸಿಪ್ಪೆಯೂ ಸ್ವಲ್ಪ ಬಲಿತಿರುವುದರಿಂದ ಅದನ್ನು ಬಲಿತ ಗಡ್ಡೆಯ ಹಾಗೆಯೇ ಮಂಡಿಗೆ ಹಾಕಬಹುದು.

ಇವತ್ತೇ ಕೀಳುವುದೋ, ಮುಂದಿನ ವಾರವೋ: ಹತ್ತು ಗಿಡದ ಲೆಕ್ಕ

ಹೊಲದ ಮೂರು ಕಡೆ, ಅಂಚು ಬಿಟ್ಟು, ಸಾಲಿನಲ್ಲಿ ಒಂದರ ಪಕ್ಕ ಒಂದಿರುವ ಹತ್ತತ್ತು ಗಿಡ ಅಗೆದು ಮಾರುವ ಗಾತ್ರದ ಗಡ್ಡೆಯನ್ನು ಮಾತ್ರ ತೂಗಿ. ಚೆನ್ನಾಗಿರುವ ಗಿಡ ಆರಿಸಬೇಡಿ, ಲೆಕ್ಕ ಕೆಡುತ್ತದೆ. ಮೂರರ ಸರಾಸರಿ ಹತ್ತು ಗಿಡಕ್ಕೆ 2.2 ಕೆ.ಜಿ. ಬಂತು, ಎಕರೆಯಲ್ಲಿ ಬದುಕಿರುವ ಗಿಡ 30,000 ಎಂದುಕೊಳ್ಳಿ. ಅಲ್ಲಿಗೆ 66 ಕ್ವಿಂಟಾಲ್. ವಾರ ಬಿಟ್ಟು ಅದೇ ರೀತಿ ತೂಗಿದಾಗ 2.7 ಕೆ.ಜಿ. ಬಂದರೆ 81 ಕ್ವಿಂಟಾಲ್.

ಮೊದಲ ವಾರ ಕೆ.ಜಿ.ಗೆ 20 ರೂಪಾಯಿ ಇದ್ದರೆ ಕೈಗೆ ಬರುತ್ತಿದ್ದದ್ದು 1,32,000. ಎರಡನೇ ವಾರ ಅಷ್ಟೇ ಬರಲು 16 ರೂಪಾಯಿ 30 ಪೈಸೆ ಸಾಕು. ವಾರದ ನೀರು, ಒಂದು ಸಿಂಪರಣೆ, ಹೆಚ್ಚಿನ 15 ಕ್ವಿಂಟಾಲಿನ ಕೂಲಿ ಸೇರಿಸಿ 17 ಎಂದಿಟ್ಟುಕೊಳ್ಳಿ. ದರ 17ಕ್ಕಿಂತ ಕೆಳಗೆ ಬೀಳುವುದಿಲ್ಲ ಎನ್ನುವ ಧೈರ್ಯವಿದ್ದರೆ ಕಾಯಿರಿ, ಇಲ್ಲದಿದ್ದರೆ ಕಿತ್ತುಬಿಡಿ. ತೂಕ ಏರುವ ವೇಗ ವಾರದಿಂದ ವಾರಕ್ಕೆ ಇಳಿಯುತ್ತದೆ, ಕೆಳಗಿನ ಎಲೆ ಹಳದಿಯಾದ ಮೇಲೆ ಕಾದು ಸಿಗುವುದು ಗಟ್ಟಿ ಸಿಪ್ಪೆ ಮಾತ್ರ. ಅಂಕಿಗಳು ಉದಾಹರಣೆಗೆ, ನಿಮ್ಮ ಹೊಲದ ತಕ್ಕಡಿ ಹೇಳಿದ್ದನ್ನೇ ಹಾಕಿಕೊಳ್ಳಿ.

ಕಿತ್ತು ಸಾಗಿಸುವುದು

ಬಲಿತದ್ದನ್ನು ನೇಗಿಲು ಹೊಡೆದು ತೆಗೆಯಬಹುದು, ನೆರಳಲ್ಲಿ ರಾಶಿ ಹಾಕಿ 10–15 ದಿನ ಹದಗೊಳಿಸಿ, 50 ಕೆ.ಜಿ. ಗೋಣಿಗೆ ತುಂಬಬಹುದು. ರಾಶಿಯನ್ನು ಒಣಗಿದ ಆಲೂಗಡ್ಡೆ ಗಿಡದಿಂದ ಮುಚ್ಚಲೇಬೇಡಿ, ಅದರಲ್ಲಿ ಗಡ್ಡೆ ಪತಂಗದ ಮೊಟ್ಟೆ ಇರುತ್ತದೆ.

ಎಳೆಯದಕ್ಕೆ ನೇಗಿಲು ಬೇಡ. ಬೆಳಿಗ್ಗೆ ಬಿಸಿಲೇರುವ ಮುನ್ನ ಗುದ್ದಲಿಯಿಂದ ದಿಂಡಿನ ಬದಿಯ ಮಣ್ಣು ಸಡಿಲಿಸಿ ಕೈಯಿಂದ ಆರಿಸಬೇಕು, ಬುಟ್ಟಿಗೆ ಎಸೆಯಬಾರದು. ಕೋಲಾರದಲ್ಲಿ ಮನೆಮನೆಗೂ ಇರುವ ಟೊಮ್ಯಾಟೊ ಕ್ರೇಟೇ ಇದಕ್ಕೆ ಸರಿಯಾದ ಪಾತ್ರೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ತಳಕ್ಕೆ ಹಳೆ ಪೇಪರ್ ಹಾಸಿ, ಮುಕ್ಕಾಲು ತುಂಬಿ, ಮೇಲೆ ಒಣ ಗೋಣಿ ಹೊದಿಸಿ. ಬೆಳಕು ತಾಗಿದರೆ ಗಡ್ಡೆ ಹಸಿರಾಗುತ್ತದೆ. ತೊಳೆಯುವುದು ಮಾರುವ ದಿನವೇ, ತೊಳೆದರೆ ಆರಿಸಿಯೇ ತುಂಬಬೇಕು. ಒದ್ದೆ ಎಳೆ ಗಡ್ಡೆ ಗೋಣಿಯಲ್ಲಿ ಒಂದು ರಾತ್ರಿ ಕಳೆದರೆ ಮರುದಿನ ಮೂಗೇ ಹೇಳುತ್ತದೆ.

ಎಲ್ಲಿ ಮಾರುವುದು

ಚಿಕ್ಕಬಳ್ಳಾಪುರ, ಕೋಲಾರದ ಎಪಿಎಂಸಿ ಅಥವಾ ಬೆಂಗಳೂರಿನ ಯಶವಂತಪುರ, ದಾಸನಪುರ: ಇವು ಬಲಿತ ಗಡ್ಡೆಯ ಜಾಗ. ಒಂದೇ ಸಲ ಐವತ್ತು ಮೂಟೆ ಇಳಿಸಬಹುದು, ಅದೇ ದಿನ ಲೆಕ್ಕ ಮುಗಿಯುತ್ತದೆ. ದಪ್ಪ, ಮಧ್ಯಮ, ಗೋಲಿ ಎಂದು ಬೇರೆ ಮಾಡಿಕೊಂಡೇ ಹೋಗಿ. ಬೆರೆಸಿದ ಮೂಟೆಗೆ ಗೋಲಿಯ ಮುಖ ನೋಡಿ ದರ ಕೂಗುತ್ತಾರೆ. ಕಾಯ್ದೆಯಂತೆ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ಬಿಳಿ ಚೀಟಿಯಲ್ಲಿ ಕಮಿಷನ್ ಮುರಿದು ಬರೆದುಕೊಟ್ಟರೆ ತೆಗೆದುಕೊಳ್ಳದೆ ಅಧಿಕೃತ ಪಟ್ಟಿ ಕೇಳಿ.

ಎಳೆಯದಕ್ಕೆ ಬೇರೆ ದಾರಿ ನೋಡಬೇಕು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಶುರುವಾದ ಹಾಪ್‌ಕಾಮ್ಸ್, ಸೂಪರ್ ಮಾರ್ಕೆಟ್‌ಗಳು ನಮ್ಮ ಕಡೆ ತೆರೆದಿರುವ ಸಂಗ್ರಹಣಾ ಕೇಂದ್ರಗಳು, ಊರ ಸಂತೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳು, ಹೋಟೆಲ್ ಅಡುಗೆಮನೆ. ಸಂಗ್ರಹಣಾ ಕೇಂದ್ರದಲ್ಲಿ ಗಾತ್ರ, ಸಿಪ್ಪೆ ನೋಡಿ ಒಂದಷ್ಟನ್ನು ಹಿಂದಕ್ಕೆ ತಳ್ಳುವುದುಂಟು. ಹಿಂದೆ ಬಂದದ್ದು ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಿ. ಅದೇ ದಿನದ ಸಂಜೆ ಸಂತೆ ಹತ್ತಿರವಿದ್ದರೆ ಒಳ್ಳೆಯದು. ಅಪಾರ್ಟ್‌ಮೆಂಟ್‌ನವರಿಗೆ ಹಿಂದಿನ ದಿನ ಎಣಿಕೆ ಪಡೆದು, ಬೆಳಿಗ್ಗೆ ಅಷ್ಟನ್ನೇ ಕಿತ್ತು ಕೊಡುವುದು ಎಲ್ಲಕ್ಕಿಂತ ಹೆಚ್ಚು ಉಳಿಸುವ ದಾರಿ. ದುಡಿಮೆಯೂ ಹೆಚ್ಚು.

ಎಷ್ಟು ನೆಡಬೇಕೆಂಬುದು ಇಲ್ಲಿಂದಲೇ ಹೊರಡಬೇಕು. ನಿಮ್ಮ ಕೊಳ್ಳುವವರು ದಿನಕ್ಕೆ 2 ಕ್ವಿಂಟಾಲ್ ಹಿಡಿಯುತ್ತಾರೆ, ಎಳೆತನ ಉಳಿಯುವುದು ಒಂದು ಪಾಲಿಗೆ ಹತ್ತು ದಿನ. ಅಲ್ಲಿಗೆ ಒಂದು ಪಾಲಿನಿಂದ ಮಾರಲಾಗುವುದು 20 ಕ್ವಿಂಟಾಲ್. ಎಕರೆಗೆ 60 ಕ್ವಿಂಟಾಲ್ ಬರುವ ಹೊಲವಾದರೆ ಒಂದು ಪಾಲು ಸುಮಾರು 13 ಗುಂಟೆ ಸಾಕು. ಉಳಿದ ನೆಲದಲ್ಲಿ ಜ್ಯೋತಿ ಹಾಕಿ ಬಲಿಸಿ. ಎಕರೆಗಟ್ಟಲೆ ಇರುವವರಿಗೆ, ಕೂಲಿ ಸಿಗದವರಿಗೆ, ಪೇಟೆಗೆ ದಿನಾ ಹೋಗಲಾಗದವರಿಗೆ ಎಳೆಯದರ ಸಹವಾಸ ಬೇಡ ಎಂದೇ ಹೇಳುತ್ತೇವೆ.

ಕೊಳ್ಳುವವರು ಗಮನಿಸಬೇಕಾದದ್ದು

ಕೆಂಪು ಮಣ್ಣು ಮೆತ್ತಿದ ಮಾತ್ರಕ್ಕೆ ಊರಿನ ಹೊಸ ಗಡ್ಡೆ ಎಂದು ನಂಬಬೇಡಿ. ಹೆಬ್ಬೆರಳಲ್ಲಿ ಉಜ್ಜಿ. ಸಿಪ್ಪೆ ಜಾರಬೇಕು, ಮುರಿದರೆ ಚಟ್ ಎಂದು ನೀರೊಸರಬೇಕು, ಕಣ್ಣಿನಲ್ಲಿ ಮೊಳಕೆಯ ಗುರುತೇ ಇರಬಾರದು. ಸುಕ್ಕುಗಟ್ಟಿದ, ಒತ್ತಿದರೆ ಬಗ್ಗುವ ಎಳೆ ಗಡ್ಡೆಗೆ ಹೆಚ್ಚಿನ ದುಡ್ಡು ಕೊಡಬೇಡಿ. ಹಸಿರು ತಿರುಗಿದ್ದನ್ನು ಕೊಳ್ಳಲೇಬೇಡಿ. ಆ ಬಣ್ಣದ ಜೊತೆಗೆ ಸೊಲನೈನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಕಹಿಯೇ ಅದರ ಗುರುತು. ಮನೆಗೆ ತಂದ ಮೇಲೆ ಬಟ್ಟೆ ಚೀಲದಲ್ಲಿ, ಕತ್ತಲಲ್ಲಿ ಇಟ್ಟು ನಾಲ್ಕು ದಿನದಲ್ಲಿ ಮುಗಿಸಿ. ತಿಂಗಳ ಸಾಮಾನಿನ ಜೊತೆ ಐದು ಕೆ.ಜಿ. ತರುವವರಿಗೆ ಬಲಿತದ್ದೇ ಸರಿ.

ಯಾವ ಅಡುಗೆಗೆ ಯಾವುದು

ಮಸಾಲೆದೋಸೆಯ ಪಲ್ಯ, ಬೋಂಡ, ಆಲೂ ಪರೋಟ, ಮನೆಯ ಚಿಪ್ಸ್: ಬಲಿತದ್ದು. ಪಿಷ್ಟ ಹೆಚ್ಚಿದ್ದರೆ ಹಿಸುಕಿದಾಗ ಪುಡಿಯಾಗಿ ಮಸಾಲೆ ಹೀರುತ್ತದೆ. ಎಳೆಯದನ್ನು ಹಿಸುಕಿದರೆ ಅಂಟಂಟಾಗುತ್ತದೆ, ಅದರಿಂದ ಮಾಡಿದ ಬೋಂಡ ನೀರು ಬಿಟ್ಟು ಎಣ್ಣೆಯಲ್ಲಿ ಬಾಯಿಬಿಡುತ್ತದೆ, ಚಿಪ್ಸ್ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಕೈಯಲ್ಲಿರುವುದು ಯಾವ ಜಾತಿ ಎಂದು ತಿಳಿಯದಿದ್ದರೆ ಒಂದು ಲೀಟರ್ ನೀರಿಗೆ 110 ಗ್ರಾಂ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದರೆ ಪಿಷ್ಟದ ಗಡ್ಡೆ, ಬೋಂಡಕ್ಕೆ ಆಗುತ್ತದೆ. ತೇಲಿದರೆ ಹೋಳಾಗಿ ಉಳಿಯಬೇಕಾದ ಅಡುಗೆಗೆ.

ಹೋಳು ಕರಗದೆ ಉಳಿಯಬೇಕಾದ ಸಾರು, ಸಾಗು, ಒಗ್ಗರಣೆ ಪಲ್ಯಕ್ಕೆ ಎಳೆಯದಕ್ಕೆ ಸಾಟಿಯಿಲ್ಲ. ಪೂರಿ ಸಾಗುವಿಗೆ ಎರಡನ್ನೂ ಬೆರೆಸುವುದು ಒಳ್ಳೆಯದು. ಬಲಿತದ್ದು ಒಂದು ಕರಗಿ ಗಟ್ಟಿ ಕೊಡುತ್ತದೆ, ಎಳೆಯದು ಮೂರು ಬಾಯಿಗೆ ಸಿಗುತ್ತವೆ. ಬಲಿತದ್ದನ್ನು ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿ, ಇಲ್ಲದಿದ್ದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಡೆದಿರುತ್ತದೆ. ಎಳೆಯದನ್ನು ಕುದಿಯುವ ಉಪ್ಪುನೀರಿಗೆ ಹಾಕಿ, ನಿಂಬೆ ಗಾತ್ರಕ್ಕೆ 12–15 ನಿಮಿಷ. ಕುಕ್ಕರಿನಲ್ಲಾದರೆ ಒಂದೇ ಕೂಗು. ಸಿಪ್ಪೆ ಹೆರೆಯಬೇಡಿ, ಒರಟು ಬಟ್ಟೆಯಲ್ಲಿ ತಿಕ್ಕಿ ತೊಳೆದರೆ ಸಾಕು.

ಹುರಿಯುವುದಾದರೆ: ಅರ್ಧ ಕೆ.ಜಿ. ಎಳೆ ಗಡ್ಡೆ ಮುಕ್ಕಾಲು ಬೇಯಿಸಿ, ಬಸಿದು, ಹಬೆ ಆರಿದ ಮೇಲೆ ಅಂಗೈಯಲ್ಲಿ ಒತ್ತಿ ಬಿರುಕು ಬಿಡಿಸಿ. ಕಬ್ಬಿಣದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ, ಸಾಸಿವೆ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಕರಿಬೇವು. ಗಡ್ಡೆ ಹಾಕಿ ಐದು ನಿಮಿಷ ಕೈಯಾಡಿಸದೆ ಬಿಡಿ, ತಳ ಕೆಂಪಾಗಲಿ. ತಿರುವಿ, ಒಂದೂವರೆ ಚಮಚ ಹುಳಿಪುಡಿ, ಉಪ್ಪು ಉದುರಿಸಿ ಇನ್ನೈದು ನಿಮಿಷ. ಹುಳಿಪುಡಿಯನ್ನು ಮೊದಲೇ ಹಾಕಿದರೆ ಸೀದುಹೋಗುತ್ತದೆ. ಬಿಸಿ ಮುದ್ದೆ, ಸೊಪ್ಪಿನ ಸಾರಿನ ಪಕ್ಕಕ್ಕೆ ಇದು ಚೆನ್ನ.

ಆದರೆ ಎಳೆ ಆಲೂಗಡ್ಡೆಯ ನಿಜವಾದ ಜೋಡಿ ಅವರೆಕಾಳು. ಇಬ್ಬರೂ ಬರುವುದು ಡಿಸೆಂಬರ್–ಜನವರಿಯ ಅದೇ ನಾಲ್ಕೈದು ವಾರದಲ್ಲಿ, ಚಿಂತಾಮಣಿಯ ಸಂತೆಯಲ್ಲಿ ಪಕ್ಕಪಕ್ಕದಲ್ಲೇ ಕೂತಿರುತ್ತಾರೆ. ಎರಡು ಬಟ್ಟಲು ಹಿತಕಿದ ಅವರೆಗೆ ಆರೇಳು ಚಿಕ್ಕ ಗಡ್ಡೆ, ಎರಡು ಹೋಳು ಮಾಡಿದ್ದು. ಅವರೆ ಅರ್ಧ ಬೆಂದ ಮೇಲೆ ಗಡ್ಡೆ ಹಾಕಿ, ಗಡ್ಡೆ ಬೆಂದ ಮೇಲೆ ರುಬ್ಬಿದ ಮಸಾಲೆ, ಕೊನೆಗೆ ಹುಣಸೆ. ಹುಳಿ ಮೊದಲೇ ಬಿದ್ದರೆ ಗಡ್ಡೆ ಎಷ್ಟು ಕುದಿಸಿದರೂ ಒಳಗೆ ಗಟ್ಟಿಯಾಗೇ ಉಳಿಯುತ್ತದೆ.